ಬಡಿಸುವವಳ ತಟ್ಟೆ

ಬರ್ಕೆಡಾಲ್, ಮಿನ್ನೆಸೋಟಾ
ನವೆಂಬರ್ ೧೨, ೨೦೨೩

ಪ್ರೀತಿಯ ಸಾಲ್ವೇಗ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಚರ್ಚಿನ ಮೀನೂಟದ ನೆಪ ಹೇಳಬಹುದಿತ್ತು. ನಿಜವೆಂದರೆ ನಾಲ್ಕು ಸಲ ಬರೆದು ಹರಿದುಹಾಕಿದೆ. ನಿನಗೆ ನನ್ನ ಮೇಲೆ ಕೋಪವಿದೆ, ಗೊತ್ತು. ಪೂರ್ತಿ ಓದಿ, ಆಮೇಲೆ ಬೈದುಕೋ.

ಇಲ್ಲಿ ಎಲ್ಲ ಕ್ಷೇಮ. ಅಪ್ಪನ ಮಂಡಿ ಕಟಕಟ ಅನ್ನುತ್ತಲೇ ಇದೆ, ಬಾಯಿಯೂ ಹಾಗೇ. ಈ ಸಲ ಲೂಟಫಿಸ್ಕ್ ಊಟಕ್ಕೆ ಮುನ್ನೂರು ಜನ ಬಂದಿದ್ದರು. ಕ್ಷಾರದ ನೀರಲ್ಲಿ ನೆನೆದ ಆ ಮೀನಿನ ವಾಸನೆ ಚರ್ಚಿನ ನೆಲಮಾಳಿಗೆ ಬಿಟ್ಟು ಇನ್ನೂ ಹೋಗಿಲ್ಲ. ನಾನು ಬಡಿಸಿದ್ದು ಇದು ನಲವತ್ತೊಂದನೇ ವರ್ಷ. "ದೇವರು ಆರ್ಡಿಸ್ ಕೈಗೆ ಸೌಟು ಕೊಟ್ಟೇ ಭೂಮಿಗೆ ಕಳಿಸಿದ್ದು ಕಣ್ರೇ!" ಎಂದಳು ಜೊತೆಗೆ ಬಡಿಸುತ್ತಿದ್ದ ಲವರ್ನ್. ಎಲ್ಲರೂ ನಕ್ಕರು, ನಾನೂ ನಕ್ಕೆ.

ಬ್ರಿಟಾಳ ತೂಕ ಮತ್ತೆ ಇಳಿದಿದೆ ಎಂದು ಬರೆದಿದ್ದೀಯ. ಎಂಟು ವರ್ಷದ ಹುಡುಗಿ, ತಿನ್ನುತ್ತಿದ್ದದ್ದು ಐದೇ ಪದಾರ್ಥ. ಅದರಲ್ಲಿ ನನ್ನ ಲೆಫ್ಸವೂ ಒಂದು. ಆಲೂಗಡ್ಡೆಯ ಆ ತೆಳ್ಳನೆ ರೊಟ್ಟಿಯನ್ನು ನನ್ನ ಕೈಯಿಂದ ಮಾತ್ರ ತಿನ್ನುತ್ತಾಳೆಂದು ನನಗೆಷ್ಟು ಹೆಮ್ಮೆಯಿತ್ತು! ಆ ಹೆಮ್ಮೆ ತಲೆಗೇರಿತು. ಕಳೆದ ಸಲ ನೀವು ಬಂದಿದ್ದಾಗ, ಬಿಳಿಯೊಳಗೆ ಬಿಳಿ ಯಾರಿಗೆ ಕಾಣುತ್ತದೆ ಎಂದುಕೊಂಡು ಹೂಕೋಸನ್ನು ನುಣ್ಣಗೆ ಅರೆದು ಹಿಟ್ಟಿಗೆ ಸೇರಿಸಿದೆ. ಮೊದಲ ತುತ್ತಿಗೇ ಅವಳು ಅಗಿಯುವುದನ್ನು ನಿಲ್ಲಿಸಿದಳು. ನೀನು ಆಗ ಹೊರಗಿದ್ದೆ.

"ಅಜ್ಜಿ, ಇದ್ರೊಳಗೆ ಏನೋ ಇದೆ."

"ಏನೂ ಇಲ್ಲ ಚಿನ್ನ, ಯಾವಾಗ್ಲೂ ಮಾಡೋದೇ."

"ಇದೆ ಅಜ್ಜಿ."

"ಇಲ್ಲ ಅಂದ್ನಲ್ಲ!"

ಟಿಶ್ಯೂ ಕಾಗದಕ್ಕೆ ಉಗಿದು ತಟ್ಟೆಯನ್ನು ದೂರ ತಳ್ಳಿದಳು. ಅವತ್ತಿಗೆ ಐದು ನಾಲ್ಕಾಯಿತು.

ನಿನ್ನ ಕಾಗದವನ್ನು ಅಪ್ಪನಿಗೂ ಓದಿ ಹೇಳಿದೆ. ಇದು ಹಟವಲ್ಲ, ರಕ್ತದಲ್ಲಿ ಬರುವ ಪಾಲೇ ದೊಡ್ಡದು, ಮನೆಯಲ್ಲಿ ನಡೆಯುವುದೆಲ್ಲ ಅದರ ಮೇಲೆ ಸೇರಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದು ಕೇಳಿ ಅಪ್ಪ, "ನಮ್ಮನೇಲಿ ಯಾರಿಗಿತ್ತೇ ಆ ರಕ್ತ? ಅಳಿಯನ ಕಡೇದೇ ಇರ್ಬೇಕು. ನಮ್ಮ ಕಾಲದಲ್ಲಿ ತಟ್ಟೆ ಖಾಲಿಯಾಗ್ದೆ ಏಳೋಕ್ ಬಿಡ್ತಿದ್ರಾ?" ಎಂದರು. ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿ ಡಾಕ್ಟರ ಕಡೆಯಿಂದ ಬಂದಿದ್ದ ಫಾರಂಗಳನ್ನು ಇಬ್ಬರೂ ತುಂಬಿ ಅಂದೇ ಕಳಿಸಿದೆವು.

ಆದರೆ ಕೊನೆಗೆ ನೀನೊಂದು ಸಾಲು ಬರೆದಿದ್ದೆ: "ಎರಡು ಕಡೆಯಲ್ಲೂ ಹೀಗಿದ್ದವರು ಯಾರೂ ಸಿಗುತ್ತಿಲ್ಲ. ಹಾಗಾದ್ರೆ ನಾನೇ ಏನಾದ್ರೂ ತಪ್ಪು ಮಾಡಿದ್ನಾ ಅಮ್ಮ?" ಅದನ್ನು ಅಪ್ಪನಿಗೆ ಓದಲಿಲ್ಲ. ಕಾಗದವನ್ನು ಡ್ರಾಯರಿಗೆ ಹಾಕಿ ಮುಚ್ಚಿಟ್ಟೆ.

ನೀನು ಏನೂ ತಪ್ಪು ಮಾಡಿಲ್ಲ ಮಗಳೇ. ನಿನಗೂ ಮಗುವಿಗೂ ದೇವರು ಬಲ ಕೊಡಲಿ, ಅಳಿಯನಿಗೆ ತಾಳ್ಮೆ ಕೊಡಲಿ. ನೀನು ಸರಿಯಾಗಿ ನಿದ್ದೆ ಮಾಡು.

ನಿನ್ನ ಅಮ್ಮ,
ಆರ್ಡಿಸ್

ತಾಜಾ ಕಲಂ: "ತಿನ್ನುವುದರಲ್ಲಿ ನಿಮಗೆಂದಾದರೂ ಕಷ್ಟವಿತ್ತೇ?" ಎಂದು ಆ ಫಾರಂ ಕೇಳಿತ್ತು. ಇಲ್ಲ ಎಂದು ಬರೆದೆ. ಅದು ಸುಳ್ಳು. ಇತ್ತು, ಈಗಲೂ ಇದೆ. ನಾನು ಮೀನನ್ನೋ ಮಾಂಸವನ್ನೋ ಬಾಯಿಗಿಟ್ಟದ್ದನ್ನು ನೀನು ನೋಡಿದ್ದೀಯಾ? ಬಡಿಸುವವಳು ಉಂಡಳೋ ಇಲ್ಲವೋ ಯಾರೂ ಕೇಳುವುದಿಲ್ಲ. ಅದಕ್ಕೇ ನಾನು ಸೌಟು ಬಿಡಲಿಲ್ಲ. ಅಡುಗೆ ಮಾಡುತ್ತಲೇ ತಿಂದಿರುತ್ತಾಳೆ ಎಂದು ನಿನ್ನಪ್ಪ ಐವತ್ತು ವರ್ಷದಿಂದ ನಂಬಿದ್ದಾರೆ. ಎಲ್ಲರೂ ಎದ್ದ ಮೇಲೆ ಸಿಂಕಿನ ಮುಂದೆ ನಿಂತು ಲೆಫ್ಸ, ಬೆಣ್ಣೆ, ಅಷ್ಟೇ. ನಾನು ಏಳು ವರ್ಷದವಳಿದ್ದಾಗ ನನ್ನಮ್ಮ ನನ್ನ ಆಲೂಗಡ್ಡೆಯೊಳಗೆ ಮೀನು ಮುಚ್ಚಿಟ್ಟು "ಏನೂ ಇಲ್ಲ" ಅಂದಿದ್ದಳು. ಅದೇ ಮಾತನ್ನು ಅದೇ ದನಿಯಲ್ಲಿ ನಾನು ಬ್ರಿಟಾಗೆ ಹೇಳಿದೆ. ರಕ್ತವೂ ನನ್ನದೇ, ಸುಳ್ಳೂ ನನ್ನದೇ. ಸರಿಯಾಗಿ ಬರೆದ ಉತ್ತರ ಇದರ ಜೊತೆ ಇಟ್ಟಿದ್ದೇನೆ, ಡಾಕ್ಟರಿಗೆ ಕೊಡು. ಅಪ್ಪನಿಗೆ ನಾನೇ ಹೇಳುತ್ತೇನೆ.

ಬ್ರಿಟಾಗೆ ಹೇಳು, ಅದರಲ್ಲಿ ಹೂಕೋಸಿತ್ತು, ಅವಳ ನಾಲಿಗೆ ಹೇಳಿದ್ದೇ ಸರಿ. ಬಂದಾಗ ಹಿಟ್ಟನ್ನು ಅವಳೇ ಕಲಸಲಿ. ಅವಳು ತಿನ್ನದಿದ್ದರೂ ಪರವಾಗಿಲ್ಲ. ಅವಳೆದುರು ಕೂತು ನಾನು ತಿನ್ನುತ್ತೇನೆ. ಸೌಟು ಹಿಡಿದಾಗಿನಿಂದ ನಾನು ಇವತ್ತಿನವರೆಗೆ ಯಾರೆದುರೂ ಕೂತು ಉಂಡಿಲ್ಲ.