ರೋಲರಿಗೆ ಕಟ್ಟಿದ ತೊಟ್ಟಿಲು

ಅಜ್ಜಾವರ,
ಏಪ್ರಿಲ್ 24

ಪ್ರೀತಿಯ ಐತಪ್ಪಜ್ಜನಿಗೆ ಸುಪ್ರಿತಾಳ ನಮಸ್ಕಾರ.

ಮೇ ದಿನದ ಪ್ರದರ್ಶನಕ್ಕೆ ನೀವು ಕೊಟ್ಟ ಹಳೆಯ ಲಾರಿ, ಬುಲ್ಡೋಜರ್‌ಗಳ ಫೋಟೋಗಳನ್ನೆಲ್ಲ ದೊಡ್ಡದು ಮಾಡಿಸಿದ್ದೇವೆ. ಒಂದಕ್ಕೆ ಮಾತ್ರ ನಿಮ್ಮ ಒಪ್ಪಿಗೆ ಬೇಕು.

ಅದರಲ್ಲಿ ನೀವು ಓಡಿಸುತ್ತಿದ್ದ ಸರ್ಕಾರಿ ರೋಡ್ ರೋಲರ್ ಮಧ್ಯಾಹ್ನದ ಊಟಕ್ಕೆ ನಿಂತಿದೆ. ಅದರ ತಗಡಿನ ಮಾಡಿನ ಕಂಬಗಳಿಗೆ ಸೀರೆಯ ತೊಟ್ಟಿಲು ಕಟ್ಟಿದೆ. ಪಕ್ಕದಲ್ಲಿ ಜಲ್ಲಿ ಬುಟ್ಟಿ ಹಿಡಿದು ನನ್ನ ಬಾಗಿ ಅಜ್ಜಿ ನಿಂತಿದ್ದಾರೆ. “ಇದನ್ನು ಹಾಕುದು ಬೇಡ ಮಾರಾಯ್ತಿ, ಸರ್ಕಾರದ ಗಾಡಿಗೆ ತೊಟ್ಟಿಲು ಕಟ್ಟಿದ್ದಕ್ಕೆ ನನ್ನ ಪೆನ್ಶನ್ ನಿಲ್ಸಿಯಾರು” ಎಂದು ಫೋಟೋ ಕೊಡುವಾಗಲೇ ಹೇಳಿದ್ದಿರಿ. ನಿಲ್ಲಿಸಲಿ ನೋಡೋಣ, ಆ ಕಚೇರಿಯ ಮೆಟ್ಟಿಲಲ್ಲೇ ಧರಣಿ ಕೂರುತ್ತೇನೆ!

ರಸ್ತೆ ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿದೆ. ಜಲ್ಲಿ ಹೊತ್ತವರ ಮಕ್ಕಳು ಎಲ್ಲಿ ಮಲಗಿದ್ದರೆಂದು ಯಾವ ಕಲ್ಲೂ ಹೇಳುವುದಿಲ್ಲ. ನಿಮ್ಮ ಫೋಟೋ ಹೇಳುತ್ತದೆ.

ತೊಟ್ಟಿಲಲ್ಲಿದ್ದವಳು ನನ್ನ ಅಮ್ಮ. ಅವಳ ಬಾಲ್ಯದ ಬೇರೆ ಫೋಟೋ ಇಲ್ಲ. ಇದರಲ್ಲೂ ಕಾಣುವುದು ಸೀರೆಯ ಉಬ್ಬು ಮಾತ್ರ. ಅದನ್ನೇ ಮುಟ್ಟಿ ಮುಟ್ಟಿ ನೋಡಿದಳು. “ನಾನು ಏಳುವವರೆಗೆ ಐತಪ್ಪಣ್ಣ ಇಂಜಿನ್ ಚಾಲೂ ಮಾಡ್ತಿರ್ಲಿಲ್ಲಾಂತ ನಿನ್ನ ಅಜ್ಜಿ ಹೇಳ್ತಿದ್ರು” ಎಂದಳು. ಅದಕ್ಕಾಗಿ ಮೇಸ್ತ್ರಿಯಿಂದ ಬೈಗುಳವನ್ನೂ ತಿಂದಿರಂತೆ. ಆ ಉಪಕಾರವನ್ನು ನಾಲ್ಕು ಜನ ನೋಡಲಿ ಎಂಬುದು ನನ್ನಾಸೆ.

ಬೇಡವೆಂದರೆ ಖಂಡಿತ ಹಾಕುವುದಿಲ್ಲ. ಒಪ್ಪಿದರೆ ಪ್ರದರ್ಶನವನ್ನು ನೀವೇ ತೆರೆಯಬೇಕು, ಮಂತ್ರಿಗಳನ್ನು ಕರೆದಿಲ್ಲ. ನೀವು ಏನೇ ಹೇಳಿದರೂ ಅಮ್ಮ ಮಾತ್ರ ಭಾನುವಾರ ಕೊಲ್ಲಮೊಗ್ರಿನ ನಿಮ್ಮ ಮನೆಗೆ ಬರುತ್ತಾಳೆ. ನಿಮ್ಮನ್ನು ಒಮ್ಮೆ ತಾನು ಎಚ್ಚರವಿದ್ದಾಗ ನೋಡಬೇಕಂತೆ.

ಇಂತಿ, ಬಾಗಿಯ ಮೊಮ್ಮಗಳು
ಸುಪ್ರಿತಾ