ಕರೀದು ಕರೀದ್ರ ಪಕ್ಕ

ಸುಚಿತ್ರಾ,

ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ.

ಇವತ್ತು ಹೊಳಲ್ಕೆರೆಯ ನನ್ನ ರಿಪೇರಿ ಅಂಗಡಿ ಮುಚ್ಚಿ, ಚಿಕ್ಕಜಾಜೂರಿನ ಶಿವಕುಮಾರಪ್ಪನವರ ವೇಬ್ರಿಡ್ಜ್‌ಗೆ ಹೋಗಿದ್ದೆ. ಲಾರಿ ತೂಗುವ ಅವರ ಮೂವತ್ತು ವರ್ಷದ ಕಂಪ್ಯೂಟರ್ ಕೆಟ್ಟು ನಿಂತಿತ್ತು. ತೂಕ ಓದುವ ಅದರ ಒಳಗಿನ ಕಾರ್ಡು ಹೊಸ ಕಂಪ್ಯೂಟರಿಗೆ ಕೂರುವುದಿಲ್ಲ. ಎಲ್ಲೆಲ್ಲೋ ಹುಡುಕಿ ಅದೇ ಕಾಲದ ಮದರ್‌ಬೋರ್ಡ್ ತಂದಿದ್ದರು. “ಇದೊಂದೇ ಐತಮ್ಮ, ಸುಟ್ಟೋದ್ರೆ ಮತ್ತೆ ಸಿಗಲ್ಲ” ಎಂದರು.

ಪ್ರೊಸೆಸರಿಗೆ ತಕ್ಕಂತೆ ಬೋರ್ಡಿನ ಪಿನ್ನುಗಳಿಗೆ ಪುಟ್ಟ ಟೊಪ್ಪಿಗೆಯಂಥ ಜಂಪರ್‌ಗಳನ್ನು ಹಾಕಿದೆ. ಆಮೇಲೆ ಆ ಎರಡು ಪವರ್ ಪ್ಲಗ್ಗುಗಳು ಕೈಗೆ ಬಂದವು. ಅಕ್ಕಪಕ್ಕ ಕೂರಿಸುವಾಗ ಎರಡರ ಕಪ್ಪು ತಂತಿಗಳೂ ನಡುವೆ ಸೇರಬೇಕು. ಅದಲುಬದಲಾದರೆ ಬೋರ್ಡೇ ಸುಡುತ್ತದೆ. ಐದು ಸಲ ಕಿತ್ತು ಮತ್ತೆ ಕೂರಿಸಿದೆ. ಎಲ್ಲರನ್ನೂ ಹೊರಗೆ ಕಳಿಸಿ, ದೂರ ನಿಂತು, ಪೊರಕೆ ಹಿಡಿಯಿಂದ ಸ್ವಿಚ್ ಒತ್ತಿದೆ.

ಚಿತ್ರದುರ್ಗದ ಕಂಪ್ಯೂಟರ್ ಕ್ಲಾಸಿನಲ್ಲಿ ಎದ್ದ ಹೊಗೆ ನಿನಗೆ ನೆನಪಿರುತ್ತದೆ. ಅದರ ಹಿಂದಿನ ದಿನವೇ ನೀನು “ಕರೀದು ಕರೀದ್ರ ಪಕ್ಕ ಕಣೇ” ಎಂದು ಹೇಳಿಕೊಟ್ಟಿದ್ದೆ. ನಾನು ಉಲ್ಟಾ ಹಾಕಿದ್ದೆ. “ಯಾರು ಹಾಕಿದ್ದು ಇದನ್ನ?” ಎಂದು ಮೇಷ್ಟ್ರು ಕೂಗಿದರು. ಮರುದಿನದಿಂದ ನೀನು ಕ್ಲಾಸಿಗೆ ಬರಲಿಲ್ಲ.

ಇವತ್ತು ಹೊಗೆ ಏಳಲಿಲ್ಲ. ಒಂದು ಬೀಪ್ ಬಂತು, ಪರದೆಯ ಮೇಲೆ ಅಕ್ಷರ ಮೂಡಿತು. ಶಿವಕುಮಾರಪ್ಪ ಒಳಗೆ ಓಡಿಬಂದು, “ಯಾರಮ್ಮ ನಿಂಗೆ ಇದನ್ನ ಕಲ್ಸಿದ್ದು?” ಎಂದರು.

ಬಾಯಿಗೆ ನಿನ್ನ ಹೆಸರೇ ಬಂತು. ಆವತ್ತು ಮೇಷ್ಟ್ರು ಕೇಳಿದಾಗಲೂ ಅದೇ ಬಂದಿತ್ತು.

ಮಂಗಳಾ