ಬಾವಿಯೊಳಗಿನ ನುಣುಪು ಬಂಡೆ

ಗೆಳೆಯ ಮಾದಯ್ಯನಿಗೆ,

ನಿನಗೆ ಓದಲು ಬರುತ್ತಿರಲಿಲ್ಲ. ಈಗಲಾದರೂ ಬರುತ್ತದೋ ಏನೋ ಎಂದು ಬರೆಯುತ್ತಿದ್ದೇನೆ. ಸಂಜೆ ಶಾಲೆಯ ಬಾಗಿಲು ಹಾಕಿದ ಮೇಲೆ ಮಾತಾಡಲು ಈ ಊರಲ್ಲಿ ನನಗೆ ಇನ್ನು ಯಾರಿದ್ದಾರೆ ಹೇಳು? ಜಗಲಿಯಲ್ಲಿ ಕೂತು ಬಿಳಿಗಿರಿ ಬೆಟ್ಟ ನೋಡುತ್ತಾ ಎಲೆಯಡಿಕೆ ಚೀಲವನ್ನು ನಿನ್ನ ಕಡೆಗೆ ಚಾಚುತ್ತೇನೆ. ಆಮೇಲೆ ನೀನಿಲ್ಲವೆಂಬುದು ನೆನಪಾಗುತ್ತದೆ.

ಬೆಟ್ಟದ ಬುಡದಲ್ಲಿ ನೀನು ಊರ ಬಾವಿ ತೋಡುವಾಗ ಆ ಬಂಡೆ ಸಿಕ್ಕಿತಲ್ಲ, ಜ್ಞಾಪಕವಿದೆಯೆ? ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ಕೈಯಿಟ್ಟರೆ ಜಾರುವಷ್ಟು ನುಣುಪು, ಮೈತುಂಬ ಮೇಲಿಂದ ಕೆಳಕ್ಕೆ ಎಳೆದ ಗೆರೆಗಳು. ಹೆಂಗಸರು ಅರಿಶಿನ ಕುಂಕುಮ ಹಚ್ಚಿಬಿಟ್ಟರು. ಗುರುತಿರುವ ಕಲ್ಲಿಗೆ ಒಮ್ಮೆ ಪೂಜೆಯಾಯಿತೆಂದರೆ ನಮ್ಮೂರಲ್ಲಿ ಉಳಿ ಇಡುವಂತಿಲ್ಲ. ನೀನೊಬ್ಬನೇ ಹಾರೆ ಹಿಡಿದು ಕೂಗಾಡಿದೆ: "ದೇವ್ರೂ ಅಲ್ಲ, ದಿಂಡ್ರೂ ಅಲ್ಲ! ಬೆಟ್ಟ ಮ್ಯಾಕೆದ್ದದೆ, ನಮ್ ನೆಲ ಕುಸ್ದದೆ. ಗುಂಡು ಉಜ್ಜಿ ಉಜ್ಜಿ ಒರಳು ನುಣ್ಗಾಯ್ತದಲ್ಲ, ಅಂಗೆ ಇದು. ಈ ಬಂಡೆ ಇಂದ್ಗಡೆ ಕಲ್ಲು ನುಚ್ಚಾಗದೆ, ಅಲ್ಲೇ ನೀರದೆ ಕಣ್ರಿ!"

ಎಲ್ಲರೂ ನನ್ನತ್ತ ತಿರುಗಿದರು. "ನೀವೇಳಿ ಮೇಷ್ಟ್ರೇ" ಅಂದರು. ನಾಲ್ಕಕ್ಷರ ಕಲಿತವನು ನಾನು, ದೊಡ್ಡದಾಗಿ ನಕ್ಕೆ. "ಬೆಟ್ಟವೇನು ಮಲಗಿದ ಎಮ್ಮೆಯೇನಯ್ಯ, ಎದ್ದು ನಿಲ್ಲೋದಕ್ಕೆ?" ಎಂದೆ. ಊರಿಗೆ ಊರೇ ನಕ್ಕಿತು. ನೀನು ಹಾರೆಯನ್ನು ಅಲ್ಲೇ ಒರಗಿಸಿ ಮೇಲೆ ಬಂದೆ. ಮತ್ತೆ ಯಾವ ಬಾವಿಗೂ ಇಳಿಯಲಿಲ್ಲ. ದಿನಾ ಜಗಲಿಗೆ ಬರುತ್ತಿದ್ದೆ, ಆದರೆ ಬೆಟ್ಟದ ಸುದ್ದಿ ಎತ್ತುತ್ತಿರಲಿಲ್ಲ. ಒಂದು ಸಲ ಬೈದಿದ್ದರೆ... ನೀನು ಕಡೆಯ ಜ್ವರದಲ್ಲಿ ಮಲಗಿದ್ದಾಗ ನಿನ್ನ ಹತ್ತಿರ ಕ್ಷಮೆ ಕೇಳೋಣವೆಂದು ಬಂದೆ. ಗಂಜಿ ಕುಡಿದೆಯಾ ಎಂದಷ್ಟೇ ಕೇಳಿ ಎದ್ದುಬಂದೆ.

ಹೋದ ತಿಂಗಳು ಕಲ್ಲು ಪರೀಕ್ಷೆ ಮಾಡುವ ಸಾಹೇಬರೊಬ್ಬರು ಮದ್ರಾಸು ಸೀಮೆಯ ಕೊಳ್ಳೇಗಾಲದಿಂದ ಬಂದು ಶಾಲೆಯಲ್ಲಿ ಉಳಿದಿದ್ದರು. ಅವರನ್ನು ನಿನ್ನ ಬಾವಿಗೆ ಇಳಿಸಿದೆ. ಗೆರೆಗಳ ಮೇಲೆ ಬೆರಳಾಡಿಸಿ, "ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲು ಇಲ್ಲಿ ನೆಲ ಬಿರಿದಿದೆ ಮೇಷ್ಟ್ರೇ. ಆ ಕಡೆಯದು ಎದ್ದು ಬೆಟ್ಟವಾಯಿತು, ಈ ಕಡೆಯದು ಕುಸಿಯಿತು. ಬಂಡೆಗೆ ಬಂಡೆ ಉಜ್ಜಿದ ಗುರುತು ಇದು" ಎಂದರು. ಒರಳಿನ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿನ್ನದೇ. ನನಗೆ ತಲೆಯೆತ್ತಲು ಆಗಲಿಲ್ಲ.

ಮಾರನೆಯ ದಿನ ಊರವರನ್ನು ಸೇರಿಸಿ, "ಮಾದಯ್ಯ ಹೇಳಿದ್ದೇ ಸರಿ, ತಪ್ಪಿದವನು ನಾನು" ಎಂದೆ. ಬಂಡೆಗೆ ಕೈಮುಗಿದು ಕುಂಕುಮವನ್ನು ನಾನೇ ತೊಳೆದೆ. ನಿನ್ನ ಹಾರೆ ತುಕ್ಕು ಹಿಡಿದು ಅಲ್ಲೇ ನಿಂತಿತ್ತು. ನಿನ್ನ ಭಾಮೈದ ಅದನ್ನೇ ಎತ್ತಿಕೊಂಡ. ನಾಲ್ಕನೆಯ ದಿನ ಬಂಡೆ ಬಿರಿದು, ಹಿಂದಿನ ನುಚ್ಚುಗಲ್ಲು ಕುಸಿದು ನೀರು ಬಂತು ಕಣಯ್ಯ.

ಮೊದಲ ಬಿಂದಿಗೆ ಸೇದಿದವಳು ನಿನ್ನ ಹೆಂಡತಿ ಸಿದ್ದಮ್ಮ. ಚೊಂಬಿಗೆ ಬಗ್ಗಿಸಿಕೊಂಡು ನೆಟ್ಟಗೆ ನನ್ನ ಬಳಿಗೇ ಬಂದಳು. "ನನಗೆ ಬೇಡಮ್ಮ" ಎಂದೆ.

"ಕುಡೀರಿ ಮೇಷ್ಟ್ರೇ. ಆ ಬಾವೀಲಿ ಎಂದಾದ್ರೂ ನೀರ್ ಬಂದ್ರೆ ಮೊದಲ್ನೇ ಚೊಂಬು ಮೇಷ್ಟ್ರಿಗೇ ಕೊಡ್ಬೇಕು ಅಂತ ಅವ್ರು ಸಾಯೋಗಂಟ ಏಳ್ತಿದ್ರು."

ಕುಡಿದೆ. ಸಿಹಿನೀರು, ಮಾದಯ್ಯ.